ಹಡಗಿನ ಸಾದಾ ಊಟಕ್ಕೆ ಆರು ರವಿಕೆ

ನಾನು ಹಡಗು ಹತ್ತಿದವನಲ್ಲ. ಮಲ್ಪೆಯಿಂದ ದೋಣಿಯಲ್ಲಿ ಎದುರಿನ ದ್ವೀಪಕ್ಕೆ ಒಮ್ಮೆ ಹೋಗಿದ್ದೆ. ಹೋಗುವಾಗಲೂ ಬರುವಾಗಲೂ ವಾಂತಿ ಮಾಡಿಕೊಂಡೆ. ನನ್ನ ಸಮುದ್ರಯಾನ ಅಲ್ಲಿಗೇ ಮುಗಿಯಿತು. ಆದರೆ ವಿಲಾಯತಿಗೆ ಹೋಗುವ ಹಡಗಿನ ಊಟದ ಕೋಣೆಗೆ ಹೆಂಗಸರು ಏನು ಉಟ್ಟು ಹೋಗುತ್ತಾರೆ ಎಂದು ಯಾರಾದರೂ ಕೇಳಿದರೆ ಈಗಲೂ ಸರಿಯಾಗಿ ಹೇಳಬಲ್ಲೆ. ಅದನ್ನು ತಿಳಿದುಕೊಳ್ಳಲು ನಾನು ಸೈಕಲ್ ತುಳಿದದ್ದೂ, ತಿಳಿದ ಮೇಲೂ ಎಡವಿದ್ದೂ, ಹದಿನಾರು ದಿನ ಸರಿಯಾಗಿ ಅನ್ನ ಸೇರದೆ ಕಳೆದದ್ದೂ ಇಲ್ಲಿ ಬರೆಯುತ್ತಿರುವ ಸಂಗತಿ.

ಐದನೇ ಕ್ಲಾಸಿಗೆ ಶಾಲೆ ಬಿಟ್ಟು ಕಾರ್ಕಳದ ಒಬ್ಬ ದರ್ಜಿಯ ಬಳಿ ಸೇರಿದವನು ನಾನು. ಎರಡು ವರ್ಷ ಕಾಜ ಮತ್ತು ಹುಕ್ಕು ಬಿಟ್ಟು ಬೇರೇನನ್ನೂ ಅವರು ಮುಟ್ಟಗೊಡಲಿಲ್ಲ. ಮೂರನೇ ವರ್ಷ ಕತ್ತರಿ ಕೈಗೆ ಕೊಟ್ಟಾಗ ಎರಡು ಮಾತು ಹೇಳಿದರು. ಹೆಂಗಸರ ಬಟ್ಟೆ ಹೊಲಿಯುವವನ ಕಣ್ಣು ಬಟ್ಟೆಯ ಮೇಲಿರಬೇಕು, ಮೈಯ ಮೇಲಲ್ಲ. ಎರಡನೆಯದು, ಹೊಲಿಗೆಯ ಒಳಗೆ ಹೆಬ್ಬೆರಳಿನ ಅಗಲ ಬಟ್ಟೆ ಬಿಡಬೇಕು. ಇವತ್ತಿನ ಹುಡುಗಿ ನಾಳೆ ತಾಯಿಯಾಗುತ್ತಾಳೆ. ಇವೆರಡನ್ನೂ ನಾನು ಉಡುಪಿಯಲ್ಲಿ ಸ್ವಂತ ಮಿಷನ್ ಹಾಕಿದ ಮೇಲೂ ಮೀರಲಿಲ್ಲ. ಪೇಟೆಯ ಬೇರೆ ದರ್ಜಿಗಳು ಎರಡು ನೂಲು, ಅಂದರೆ ಕಾಲಿಂಚಿನಷ್ಟು ಬಿಟ್ಟು ಕತ್ತರಿಸಿ, ಉಳಿದ ತುಂಡಿನಲ್ಲಿ ಮಗುವಿಗೊಂದು ಟೊಪ್ಪಿ ಮಾಡಿ ಗಿರಾಕಿಯನ್ನು ಖುಷಿಪಡಿಸುತ್ತಿದ್ದರು. "ನಿನ್ನ ರವಿಕೆಯ ಒಳಗೆ ಇನ್ನೊಂದು ರವಿಕೆ ಉಂಟು ಮಾರಾಯ" ಎಂದು ನನ್ನನ್ನು ನೋಡಿ ನಗುತ್ತಿದ್ದರು. ನಗಲಿ. ನನ್ನ ಕೈಯ ರವಿಕೆ ಸರಿಯಾಗಲಿಲ್ಲ ಎಂದು ಎರಡನೇ ಸಲ ಅಂಗಡಿಗೆ ಬಂದದ್ದಿಲ್ಲ ಎಂಬ ಹೆಸರು ನನಗಿತ್ತು. ಆ ಹೆಸರು ನನ್ನ ಆಸ್ತಿ.

ಆ ಕಾಲದಲ್ಲಿ ದರ್ಜಿಗಳು ಹೆಂಗಸರ ಮೈಗೆ ಟೇಪು ಹಿಡಿಯುವ ಕ್ರಮ ಇರಲಿಲ್ಲ. ಸರಿಯಾಗಿ ಕೂರುವ ಒಂದು ಹಳೆಯ ರವಿಕೆಯನ್ನು ಕೊಟ್ಟು ಕಳಿಸುತ್ತಿದ್ದರು. ಅದಕ್ಕೆ ಅಳತೆ ರವಿಕೆ ಎಂದು ಹೆಸರು. ಅದನ್ನು ಮೇಜಿನ ಮೇಲೆ ಹರಡಿ, ಅದರ ಮೇಲೆ ಟೇಪು ಇಟ್ಟು ನಾವು ಅಳೆಯುತ್ತಿದ್ದೆವು. ಕೆಲವು ಗಿರಾಕಿಗಳ ಮುಖವನ್ನು ನಾನು ಹತ್ತು ವರ್ಷವಾದರೂ ಕಂಡಿರಲಿಲ್ಲ, ಅವರ ತೋಳಿನ ಸುತ್ತಳತೆ ಮಾತ್ರ ಬಾಯಿಗೆ ಬರುತ್ತಿತ್ತು.

ಅರವತ್ತರ ದಶಕ ಆಗಷ್ಟೇ ಶುರುವಾಗಿತ್ತು. ಮಣಿಪಾಲದಲ್ಲಿದ್ದ ಒಬ್ಬ ಡಾಕ್ಟರ ಹೆಂಡತಿ ಒಂದು ಬೆಳಿಗ್ಗೆ ಅಂಗಡಿಗೆ ಬಂದರು. ಮದುವೆಯಾಗಿ ಒಂದೂವರೆ ವರ್ಷವಾಗಿತ್ತು. ಗಂಡನ ಮನೆ ಕಾರ್ಕಳ. ಡಾಕ್ಟರಿಗೆ ಆಪರೇಷನ್ ಮಾಡುವ ವಿದ್ಯೆಯನ್ನು ಹೆಚ್ಚಿಗೆ ಕಲಿಯಲು ಇಂಗ್ಲೆಂಡಿನಲ್ಲಿ ಸೀಟು ಸಿಕ್ಕಿತ್ತು. ಇಬ್ಬರೂ ಬೊಂಬಾಯಿಯಿಂದ ಹಡಗು ಹತ್ತುವವರು. (ನಾವು ಮಾತಾಡಿದ್ದೆಲ್ಲ ತುಳುವಿನಲ್ಲಿ. ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.)

"ಟೈಲರೇ, ಒಂದು ವಿಷಯ ಕೇಳ್ಲಿಕ್ಕುಂಟು, ನಗಬಾರದು" ಎಂದರು. "ಹಡಗಿನಲ್ಲಿ ದಿನಾ ಸಂಜೆ ದೊಡ್ಡ ಹಾಲಿನಲ್ಲಿ ಎಲ್ಲರೂ ಒಟ್ಟಿಗೆ ಊಟಕ್ಕೆ ಕೂತುಕೊಳ್ಳುವುದಂತೆ. ಕೆಲವು ದಿನ ಗಂಡಸರಿಗೆ ಕಪ್ಪು ಕೋಟು ಬೇಕೇ ಬೇಕಂತೆ. ಆ ದಿನಕ್ಕೆ ನನ್ನ ಮದುವೆಯ ರೇಷ್ಮೆ ಸೀರೆ ಎರಡು ಉಂಟು, ತೊಂದರೆ ಇಲ್ಲ. ಬಾಕಿ ದಿನ ಸಾದಾ ಡಿನ್ನರ್ ಅಂತೆ. ಆ ಸಾದಾ ಅಂದರೆ ಎಂತ? ಮನೆಯಲ್ಲಿ ಉಡುವ ಸೀರೆಯಾ? ಮದುವೆಮನೆಗೆ ಹೋಗುವುದಾ? ಹೆಂಗಸರು ಎಂತ ಹಾಕಿಕೊಳ್ಳುವುದು ಅಲ್ಲಿ?"

"ಡಾಕ್ಟರಿಗೆ ಗೊತ್ತಿರ್ಬೇಕಲ್ವಾ ಅಮ್ಮ?"

"ಅವರನ್ನು ಕೇಳಿದರೆ, ಸೀರೆ ಉಟ್ಟರಾಯಿತು ಅಂತಾರೆ. ಗಂಡಸರಿಗೆ ಅದರಿಂದಾಚೆ ಎಂತ ಗೊತ್ತು?" ಎಂದು ಹೇಳಿ, ನಾನೂ ಗಂಡಸು ಎಂಬುದು ನೆನಪಾಗಿ ನಾಲಿಗೆ ಕಚ್ಚಿಕೊಂಡರು.

ನನಗೆ ಗೊತ್ತಿಲ್ಲ ಎನ್ನಬಹುದಿತ್ತು. ಕಲಿತ ಹೆಂಗಸು ಬಂದು ಐದನೇ ಕ್ಲಾಸಿನವನ ಬಳಿ ಕೇಳುವಾಗ ಆ ಮಾತು ಬಾಯಿಗೆ ಬರಲಿಲ್ಲ. "ಅದೆಲ್ಲ ನನಗೆ ಬಿಡಿ. ಬರುವ ಸೋಮವಾರ ಬನ್ನಿ, ಹೇಳ್ತೇನೆ" ಎಂದುಬಿಟ್ಟೆ. ಒಳಗೆ ಕುಳಿತು ಹುಕ್ಕು ಕಟ್ಟುತ್ತಿದ್ದ ನನ್ನ ಹೆಂಡತಿ, ಅವರು ಹೋದ ಮೇಲೆ, "ನೀವು ಯಾವ ಹಡಗಿನಲ್ಲಿ ಊಟ ಮಾಡಿದ್ದು, ನನಗೆ ಹೇಳಲೇ ಇಲ್ಲ?" ಎಂದು ಕೇಳಿದಳು.

ಆದಿತ್ಯವಾರ ಸೈಕಲ್ ಹತ್ತಿ ಕಾಪುವಿಗೆ ಹೋದೆ. ಅಲ್ಲಿ ದೀಪಸ್ತಂಭದ ದಾರಿಯಲ್ಲಿ ಒಬ್ಬ ಕ್ರಿಶ್ಚಿಯನ್ ಗಿರಾಕಿ ಇದ್ದರು. ಬೊಂಬಾಯಿಯ ಹಡಗುಗಳಲ್ಲಿ ಊಟ ಬಡಿಸುವ ಕೆಲಸ, ರಜೆಯಲ್ಲಿ ಊರಿಗೆ ಬಂದಿದ್ದರು. ಅವರನ್ನು ನಾವು ಪೊರ್ಬುಗಳು ಎಂದು ಕರೆಯುವುದು. ಜಗಲಿಯಲ್ಲಿ ಕುಳಿತು ಬೂತಾಯಿ ಮೀನಿನ ಸಾರು ಮತ್ತು ಗಂಜಿ ಊಟ ಮಾಡುತ್ತಿದ್ದರು. ನಾನು ಬಂದ ಕಾರಣ ಕೇಳಿ, ತಟ್ಟೆ ಆಚೆ ಸರಿಸಿ, ನೆಟ್ಟಗೆ ಕುಳಿತರು. ತನ್ನ ಕೆಲಸದ ಬಗ್ಗೆ ಊರಿನಲ್ಲಿ ಯಾರೂ ಹೀಗೆ ಕೇಳಿರಲಿಲ್ಲವೋ ಏನೋ.

"ಕೇಳಿ ಟೈಲರೇ. ಕಪ್ಪು ಕೋಟಿನ ದಿನ ಎಷ್ಟು ಬೇಕಾದರೂ ಮಿಂಚಬಹುದು. ಸಾದಾ ದಿನ ಮಿಂಚಬಾರದು. ಅಷ್ಟೇ ವಿಷಯ. ಹಡಗು ಹೊರಟ ಮೊದಲನೇ ದಿನ ಸಾದಾ. ಬಂದರಿನಲ್ಲಿ ನಿಂತ ದಿನ ಸಾದಾ. ದೊರೆಸಾನಿಗಳು ಹತ್ತಿಯ ಫ್ರಾಕು ಹಾಕುವುದು, ಗಿಡ್ಡ ತೋಳು, ಹೆಗಲಿಗೆ ತೆಳು ಸ್ವೆಟರ್, ಕುತ್ತಿಗೆಗೆ ಒಂದೆಳೆ ಮಣಿಸರ. ಆದರೆ ಇಸ್ತ್ರಿ ಮಾತ್ರ ಚೂರಿಯ ಹಾಗೆ ಇರ್ಬೇಕು. ಸಾದಾ ಅಂದ್ರೆ ಕೊಳಕು ಅಲ್ಲ."

"ನಮ್ಮವರು?"

"ನಮ್ಮವರದ್ದೇ ಕಷ್ಟ" ಎಂದು ನಕ್ಕರು. "ಮೊದಲನೇ ದಿನವೇ ಜರಿ ಸೀರೆ ಉಟ್ಟು, ಇದ್ದಬದ್ದ ಚಿನ್ನ ಹಾಕಿ ಬರ್ತಾರೆ. ನಾನು ಸೂಪು ಹಿಡ್ಕೊಂಡು ಹೋಗ್ತೇನೆ, ಸುತ್ತಲಿನವರೆಲ್ಲ ಹತ್ತಿಯಲ್ಲಿ, ಇವರು ಒಬ್ಬರೇ ದಿಬ್ಬಣಕ್ಕೆ ಬಂದ ಹಾಗೆ. ಪಾಪ, ಮರುದಿನ ನಾಚಿಕೆಯಿಂದ ಕೋಣೆಯಲ್ಲೇ ಊಟ ತರಿಸ್ತಾರೆ. ಒಬ್ಬರಂತೂ ಹಡಗು ಮುಟ್ಟುವವರೆಗೆ ಹೊರಗೆ ಬರ್ಲಿಲ್ಲ. ಮೇಲಿಂದ ಕೆಂಪು ಸಮುದ್ರದ ಸೆಕೆ! ರೇಷ್ಮೆಯಲ್ಲಿ ಬೆಂದುಹೋಗ್ತಾರೆ."

"ಹತ್ತಿ ಸೀರೆ, ಹತ್ತಿ ರವಿಕೆ ಸಾಕಾ ಹಾಗಾದರೆ?"

"ಸಾಕು. ರವಿಕೆ ಹೊಸತಿರಲಿ. ಬಣ್ಣ ಮಾಸಿದ್ದು, ಕಂಕುಳು ಬಿಳಿಚಿದ್ದು ಬೇಡ. ಹಾಲಿನಲ್ಲಿ ದೀಪ ಜಾಸ್ತಿ ಟೈಲರೇ, ಎಲ್ಲ ಕಾಣ್ತದೆ."

ಒಳಗಿನಿಂದ ಅವರ ಹೆಂಡತಿ ಬಾಗಿಲಿಗೆ ಬಂದರು. "ಹೊರಗಿನ ಗಾಳಿಯ ಸುದ್ದಿ ಹೇಳಿದ್ರಾ? ಸೀರೆ ಹಾರಿದ್ರೆ ಎಂತ ಮಾಡುವುದು ಅವಳು? ಟೈಲರೇ, ಒಳಲಂಗದ ಅಂಚಿನಲ್ಲಿ ಬೀಸುಬಲೆಯ ಈಯದ ಗುಂಡು ಹಾಕಿ ಹೊಲಿಯಿರಿ. ನಾಲ್ಕು ಸಾಕು."

"ಇವಳು ಹೆಂಗಸರನ್ನೂ ಬಲೆಯ ಹಾಗೆ ಮುಳುಗಿಸ್ತಾಳೆ" ಎಂದರು ಪೊರ್ಬುಗಳು. ಆದರೆ ನನಗೆ ಆ ಮಾತು ಸರಿಕಂಡಿತು. ಬಲೆಯನ್ನು ಮುಳುಗಿಸುವ ಆ ಸೀಸದ ಗುಂಡುಗಳನ್ನು ಮರುದಿನವೇ ಮಲ್ಪೆಯಿಂದ ತರಿಸಿದೆ.

ಸೋಮವಾರ ಡಾಕ್ಟರ ಹೆಂಡತಿ ಬಂದಾಗ, ಹಡಗಿನಲ್ಲೇ ಹುಟ್ಟಿದವನ ಹಾಗೆ ಎಲ್ಲವನ್ನೂ ಹೇಳಿದೆ. ಅವರ ಮುಖ ಅರಳಿತು. ಆರು ಹತ್ತಿ ಸೀರೆಗೆ ಆರು ಪಾಪ್ಲಿನ್ ರವಿಕೆ, ಮೊಣಕೈಯಿಂದ ನಾಲ್ಕು ಬೆರಳು ಮೇಲೆ ತೋಳು, ಎರಡು ಒಳಲಂಗ ಎಂದು ತೀರ್ಮಾನವಾಯಿತು. "ಹಳೆಯ ರವಿಕೆಗಳನ್ನೂ ನಾಲ್ಕು ಇಟ್ಟುಕೊಳ್ಳಲಾ?" ಎಂದು ಅವರು ಕೇಳಿದರು.

"ಯಾಕಮ್ಮ? ಹಾಲಿನಲ್ಲಿ ದೀಪ ಜಾಸ್ತಿ. ಮಾಸಿದ್ದು ಒಂದೂ ಬೇಡ. ನಾನು ಹೊಲಿದದ್ದು ಆರು ಇರುವಾಗ ಮತ್ತೆ ಹಳತು ಯಾಕೆ?"

ಈ ಮಾತನ್ನು ನಾನು ಆಮೇಲೆ ನೂರು ಸಲ ನೆನಪು ಮಾಡಿಕೊಂಡೆ.

ಮಣಿಪಾಲದ ಮನೆ ಖಾಲಿ ಮಾಡಿ ಅವರ ಪೆಟ್ಟಿಗೆಗಳೆಲ್ಲ ಕಾರ್ಕಳಕ್ಕೆ ಹೋಗಿದ್ದವು. ಅಳತೆ ರವಿಕೆಯನ್ನು ಅತ್ತೆಯವರು ಅಲ್ಲಿಂದ ಬಸ್ಸಿನಲ್ಲಿ ಕಳಿಸುತ್ತಾರೆ ಎಂದರು. ಎರಡು ದಿನದಲ್ಲಿ ಕಂಡಕ್ಟರು ಪೇಪರಿನ ಕಟ್ಟು ತಂದುಕೊಟ್ಟ. ಹಸಿರು ರವಿಕೆ. ಮೇಜಿನ ಮೇಲೆ ಹರಡಿದೆ. ಹೆಂಡತಿ ಬಗ್ಗಿ ನೋಡಿದಳು.

"ಇದು ಸಣ್ಣ ಆಗ್ಲಿಕ್ಕಿಲ್ವಾ ಅವರಿಗೆ?"

ನನಗೂ ಒಂದು ಕ್ಷಣ ಹಾಗೆ ಅನಿಸಿತ್ತು. ಆದರೆ ಹಾಗೆ ಅನಿಸಿತು ಎಂದರೆ ಅವರನ್ನು ನಾನು ನೋಡಿದ್ದೇನೆ ಎಂದಾಗುತ್ತದಲ್ಲ! ಕಾರ್ಕಳದ ಗುರುಗಳ ಮಾತು ನೆನಪಿಗೆ ಬಂದು ಕಿವಿ ಬಿಸಿಯಾಯಿತು. "ಅವರ ಅಳತೆ ಅವರ ಮನೆಯವರಿಗೆ ಗೊತ್ತಿಲ್ವಾ? ನೀನು ಹುಕ್ಕು ನೋಡು" ಎಂದು ಗದರಿದೆ. ಆರನ್ನೂ ಅದೇ ಅಳತೆಗೆ ಕತ್ತರಿಸಿದೆ. ಅಷ್ಟು ಚಂದದ ಕೆಲಸ ನಾನು ಅದಕ್ಕೆ ಮೊದಲು ಮಾಡಿರಲಿಲ್ಲ. ಕಾಲರಿಲ್ಲದ ದುಂಡು ಕುತ್ತಿಗೆ, ಒಂದೇ ಒಂದು ಸುಕ್ಕಿಲ್ಲ, ಇಸ್ತ್ರಿ ಪೊರ್ಬುಗಳು ಹೇಳಿದಂತೆ ಚೂರಿಯ ಹಾಗೆ. ಹೊರಡುವ ದಿನ ಡಾಕ್ಟರು ಕಾರು ನಿಲ್ಲಿಸಿ ಕಟ್ಟನ್ನು ತೆಗೆದುಕೊಂಡು ಹೋದರು. ಹಾಕಿ ನೋಡಲು ಸಮಯವೂ ಇರಲಿಲ್ಲ. ಹಾಕಿ ನೋಡಿ ಎಂದು ಹೇಳುವುದು ನನಗೆ ಅವಮಾನ ಬೇರೆ.

ಅವರು ಊರಿನಿಂದ ಹೊರಟ ಎಂಟನೆಯ ದಿನ ಕಾರ್ಕಳದ ಬಸ್ಸಿನಿಂದ ಡಾಕ್ಟರ ತಾಯಿ ಇಳಿದರು, ಜೊತೆಗೆ ಹದಿನೈದು ವರ್ಷದ ಮಗಳು, ಕಡ್ಡಿಯ ಹಾಗೆ ತೆಳ್ಳಗೆ. ದೇವಸ್ಥಾನಕ್ಕೆ ಬಂದವರು ಹಾಗೇ ಅಂಗಡಿಗೆ ಬಂದಿದ್ದರು.

"ಟೈಲರೇ, ಅಳತೆ ರವಿಕೆ ನಿಮ್ಮಲ್ಲೇ ಉಳಿಯಿತಲ್ಲ. ಕೊಡಿ, ಕೊಂಡುಹೋಗ್ತೇವೆ."

ಹಸಿರು ರವಿಕೆ ತೆಗೆದು ಕೊಟ್ಟೆ. ಹುಡುಗಿ ಅದನ್ನು ಕಸಿದುಕೊಂಡಳು. "ಅಮ್ಮ! ಇದು ನನ್ನದು! ನಾನು ಮನೆಯೆಲ್ಲ ಹುಡುಕಿದ್ದು ಇದನ್ನೇ. ಅತ್ತಿಗೆಯದ್ದು ಪೆಟ್ಟಿಗೆಯಲ್ಲೇ ಉಂಟು!"

ಆದದ್ದಿಷ್ಟು. ಮದುವೆಗೆ ಆ ಮನೆಯವರು ಹಸಿರು ಬಟ್ಟೆಯ ಒಂದು ಇಡೀ ತಾನು ತಂದು, ಮನೆಯ ಹೆಂಗಸರಿಗೆಲ್ಲ ಒಂದೇ ಬಣ್ಣದ ರವಿಕೆ ಹೊಲಿಸಿದ್ದರು. ಅತ್ತೆಯವರು ಕನ್ನಡಕ ಹಾಕದೆ, ಕೈಗೆ ಸಿಕ್ಕಿದ ಹಸಿರನ್ನು ಸೊಸೆಯದ್ದೆಂದು ಕಟ್ಟಿ ಕಳಿಸಿದ್ದರು.

ನಾನು ಮಿಷನ್ನಿನ ಸ್ಟೂಲಿನ ಮೇಲೆ ಕುಳಿತುಬಿಟ್ಟೆ. ಅತ್ತೆಯವರಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದಾಗ ನನ್ನ ಮೇಲೆಯೇ ತಿರುಗಿಬಿದ್ದರು.

"ನಿಮಗೆ ಕಣ್ಣಿಲ್ವಾ? ನನ್ನ ಸೊಸೆಯನ್ನು ನೀವು ನೋಡ್ಲಿಲ್ವಾ?"

"ನೋಡ್ಬಾರ್ದು ಅಲ್ವಾ ಅಮ್ಮ" ಎಂದೆ. ಅವರು ಹಸಿರು ರವಿಕೆಯನ್ನು ಮಗಳ ಕೈಯಿಂದ ತೆಗೆದು ಮಡಚಿದರು. "ಹಡಗು ನಿನ್ನೆಯೇ ಹೊರಟಿತು" ಎಂದರು.

ಮರುದಿನ ಅಂಗಡಿಯ ಬಾಗಿಲು ಹಾಕಿ ಕಾರ್ಕಳಕ್ಕೆ ಹೋದೆ. ಸೊಸೆಯ ನಿಜವಾದ ಹಸಿರು ರವಿಕೆಯನ್ನು ಕೇಳಿ ತೆಗೆಸಿ, ಅವರ ಚಾವಡಿಯಲ್ಲೇ ಟೇಪು ಹಿಡಿದೆ. ಎದೆಯಲ್ಲಿ ಎರಡೂವರೆ ಇಂಚು, ತೋಳಿನಲ್ಲಿ ಒಂದು ಇಂಚು ವ್ಯತ್ಯಾಸ. ಹತ್ತಿರದಲ್ಲೇ ಮಡಚಿಟ್ಟಿದ್ದ ಹಳೆಯ ಹತ್ತಿ ರವಿಕೆಗಳ ರಾಶಿ ಕಂಡಿತು. ನಾನು ಬೇಡ ಎಂದದ್ದಕ್ಕೆ ಬಿಟ್ಟುಹೋದವು. ಎಣಿಸಿದರೆ ಏಳು. ಮಾಸಿದವು ಹೌದು, ಆದರೆ ಅಷ್ಟೇನೂ ಅಲ್ಲ. ಹಾಕಬಹುದಿತ್ತು.

ಬಸ್ಸಿನಲ್ಲಿ ವಾಪಸು ಬರುವಾಗ ಪೊರ್ಬುಗಳು ಹೇಳಿದ ಹೆಂಗಸೇ ಕಣ್ಣಿಗೆ ಕಟ್ಟಿದಳು, ಹಡಗು ಮುಟ್ಟುವವರೆಗೆ ಕೋಣೆಯಿಂದ ಹೊರಗೆ ಬಾರದವಳು. ದಾರಿಯಲ್ಲಿ ಹಾಕಿ ಮಾಸಿದ ರವಿಕೆ ಊಟದ ಹಾಲಿಗೆ ಆಗದು, ಡಾಕ್ಟರ ಹೆಂಡತಿಗೆ ಈಗ ಎರಡೇ ದಾರಿ. ದಿನಾ ಮದುವೆಯ ರೇಷ್ಮೆ ಉಟ್ಟು ನಗೆಗೀಡಾಗುವುದು, ಇಲ್ಲವೇ ಕೋಣೆಯಲ್ಲಿ ಕೂರುವುದು. ಕಲಿತವರ ನಡುವೆ ಮೊದಲ ಸಲ ಹೋಗುವ ಭಯ ಎಂಥದ್ದೆಂದು ನನಗೆ ಗೊತ್ತಿಲ್ಲದ್ದಲ್ಲ. ಬ್ಯಾಂಕಿನ ಬಾಗಿಲಲ್ಲಿ ಅರ್ಜಿ ಹಿಡಿದು ನಿಂತಾಗ ನಾನೂ ಅದನ್ನು ಅನುಭವಿಸಿದವನು. ಆ ಭಯ ಕಳೆಯಲೆಂದೇ ಆಕೆ ನನ್ನ ಬಳಿ ಬಂದದ್ದು.

"ಒಳಗೆ ಬಟ್ಟೆ ಬಿಟ್ಟಿದ್ದೀರಲ್ಲ" ಎಂದಳು ಹೆಂಡತಿ, ನಾನು ತಟ್ಟೆಯ ಮುಂದೆ ಅನ್ನ ಮುಟ್ಟದೆ ಕೂತದ್ದನ್ನು ನೋಡಿ. "ಹೊಲಿಗೆ ಬಿಚ್ಚಿದರೆ ಮೂರು ಇಂಚು ಸಿಗ್ತದೆ."

"ಅದು ಅವರಿಗೆ ಗೊತ್ತಿರ್ಬೇಕಲ್ಲ. ಬೇರೆ ಯಾರೂ ಅಷ್ಟು ಬಿಡುವುದಿಲ್ಲ. ನಾನು ಹೇಳಲೂ ಇಲ್ಲ."

"ಸೂಜಿ ಹಿಡಿಯಲು ಬರ್ತದಾ ಅವರಿಗೆ?"

"ಇಲ್ಲವಂತೆ. ಗುಂಡಿ ಹೊಲಿಯಲೂ ಬರುವುದಿಲ್ಲ ಅಂತ ಅವರೇ ನಗಾಡಿದ್ರು."

ಆಮೇಲಿನ ದಿನಗಳನ್ನು ಉದ್ದ ಮಾಡಿ ಬರೆಯುವುದಿಲ್ಲ. ಕೈ ಕೆಲಸ ಮಾಡುತ್ತಿತ್ತು. ಒಂದು ರವಿಕೆಗೆ ಎರಡು ಎಡತೋಳು ಕೂಡಿಸಿ, ಬಿಚ್ಚಿ, ಮತ್ತೆ ಕೂಡಿಸಿದೆ. ಅಳತೆ ರವಿಕೆ ಹಿಡಿದುಕೊಂಡು ಯಾರಾದರೂ ಬಂದರೆ "ಇದು ಯಾರದ್ದು? ಖಂಡಿತ ಅವರದ್ದೇ ಅಲ್ವಾ?" ಎಂದು ಪೊಲೀಸರ ಹಾಗೆ ಕೇಳತೊಡಗಿದೆ. ಒಬ್ಬ ಮುದುಕಿ ಸಿಟ್ಟಿನಿಂದ, "ಕದ್ದು ತಂದದ್ದಲ್ಲ ಮಾರಾಯ, ನನ್ನದೇ!" ಎಂದಳು.

ಅಳತೆ ತಪ್ಪಿದ್ದು ತಿಳಿದ ಹದಿನಾರನೆಯ ದಿನ ಮಧ್ಯಾಹ್ನ ಪೋಸ್ಟ್‌ಮ್ಯಾನ್ ಸೈಕಲ್ಲಿನ ಬೆಲ್ಲು ಬಾರಿಸುತ್ತ ಬಂದ. ಎದುರಿನ ಹೋಟೆಲಿನವರಿಗೂ ಕೇಳುವ ಹಾಗೆ, "ಟೈಲರೇ! ನಿಮಗೆ ಹೊರದೇಶದ ಕಾಗದ!" ಎಂದು ಕೂಗಿದ. ತೆಳು ನೀಲಿ ಕಾಗದ, ಗುರುತಿಲ್ಲದ ಅಂಚೆಚೀಟಿ. ಕೈಗೆ ತೆಗೆದುಕೊಂಡೆನೇ ಹೊರತು ಬಿಡಿಸುವ ಧೈರ್ಯವಾಗಲಿಲ್ಲ. ಹೆಂಡತಿ ಕಾಜದ ಕತ್ತರಿಯಿಂದ ಅಂಚು ಕತ್ತರಿಸಿ ಕೊಟ್ಟಳು. ನಾನೇ ಓದಿದೆ, ಗಟ್ಟಿಯಾಗಿ, ಅವಳಿಗೆ ಕೇಳುವಂತೆ. ಐದನೇ ಕ್ಲಾಸಿನ ಓದು ಅದಕ್ಕೆ ಸಾಕಿತ್ತು.

ನೆನಪಿನಲ್ಲಿರುವಷ್ಟು ಇಲ್ಲಿ ಬರೆಯುತ್ತೇನೆ.

"ಟೈಲರಿಗೆ ನಮಸ್ಕಾರ. ನಾಳೆ ಹಡಗು ಏಡನ್ ಮುಟ್ಟುತ್ತದೆ, ಅಲ್ಲಿ ಇದನ್ನು ಅಂಚೆಗೆ ಹಾಕುತ್ತೇವೆ. ಇಸ್ತ್ರಿ ಕೆಡಬಾರದೆಂದು ಹಡಗು ಹತ್ತುವವರೆಗೆ ಕಟ್ಟು ಬಿಚ್ಚಿರಲಿಲ್ಲ. ಮೊದಲ ಸಂಜೆ ನಿಮ್ಮ ತಿಳಿನೀಲಿ ರವಿಕೆ ತೆಗೆದೆ. ಒಂದು ಹುಕ್ಕೂ ಕೂಡಲಿಲ್ಲ. ಆರನ್ನೂ ನೋಡಿದೆ, ಆರೂ ಹಾಗೆಯೇ. ಊಟದ ಗಂಟೆ ಹೊಡೆಯಿತು, ನಾನು ಅಳುತ್ತ ಕೂತೆ. ಇವರು ರೇಷ್ಮೆಯದ್ದು ಹಾಕು ಎಂದರು. ನೀವು ಹೇಳಿದ್ದು ನೆನಪಿತ್ತು, ಸತ್ತರೂ ಇಲ್ಲ ಎಂದೆ. ಆಗ ಇವರು ರವಿಕೆಯನ್ನು ತಿರುಗಿಸಿ ದೀಪದ ಬುಡದಲ್ಲಿ ಹಿಡಿದು, ಆಪರೇಷನ್ನಿಗೆ ಮೊದಲು ರೋಗಿಯನ್ನು ನೋಡುವ ಹಾಗೆ ನೋಡಿದರು. 'ಒಳಗೆ ಬೇಕಾದಷ್ಟು ಬಟ್ಟೆ ಬಿಟ್ಟಿದ್ದಾರಲ್ಲ' ಎಂದರು. ಅವರ ಚೀಲದ ಸಣ್ಣ ಕತ್ತರಿಯಿಂದ ನಿಮ್ಮ ಹೊಲಿಗೆ ಬಿಚ್ಚಿದರು. ಗಾಯ ಹೊಲಿಯುವ ಹಾಗೆ ಒಂದೊಂದು ಹೊಲಿಗೆಗೂ ಗಂಟು ಹಾಕಿ, ಮುಕ್ಕಾಲು ಗಂಟೆಯಲ್ಲಿ ಒಂದು ರವಿಕೆ ಸರಿಮಾಡಿದರು. ಸೂಪು ಮುಗಿದಿತ್ತು, ಉಳಿದದ್ದು ಸಿಕ್ಕಿತು. ದಿನಕ್ಕೊಂದೆರಡರಂತೆ ಈಗ ಆರೂ ಆಗಿವೆ.

"ನೀವು ಹೇಳಿದ್ದು ಅಕ್ಷರಶಃ ಸರಿ. ಸಾದಾ ದಿನ ಎಲ್ಲರೂ ಹತ್ತಿಯಲ್ಲೇ ಬರುತ್ತಾರೆ. ನಮ್ಮ ಮೇಜಿನ ಒಬ್ಬ ದೊರೆಸಾನಿ ನನ್ನ ಗಂಜಿ ಹಾಕಿದ ಸೀರೆಯನ್ನು ಮುಟ್ಟಿ ನೋಡಿ, ಇದನ್ನು ಹೀಗೆ ನಿಲ್ಲಿಸುವುದು ಹೇಗೆಂದು ಕೇಳಿದರು. ಗಾಳಿಗೆ ಅವರ ಫ್ರಾಕೆಲ್ಲ ಹಾರುತ್ತದೆ, ನನ್ನ ಸೀರೆ ಅಲ್ಲಾಡುವುದಿಲ್ಲ. ನಡೆಯುವಾಗ ಈಯದ ಗುಂಡು ಕಾಲಿಗೆ ಟಕ್ಕೆಂದು ಬಡಿಯುತ್ತದೆ, ಅಷ್ಟೇ. ಅಳತೆ ಹೇಗೆ ತಪ್ಪಿತೋ ತಿಳಿಯದು. ನನ್ನ ನಾದಿನಿಗೆ ಅವು ಸರಿಯಾಗುತ್ತಿದ್ದವು ಎಂದು ಇವರು ತಮಾಷೆ ಮಾಡುತ್ತಾರೆ."

ಹೆಂಡತಿ ಬಾಯಿಗೆ ಸೆರಗು ಹಿಡಿದು ನಗತೊಡಗಿದಳು. ನಾನು ಕಾಗದ ಮಡಚಿ ಮಿಷನ್ನಿನ ಡ್ರಾಯರಿನಲ್ಲಿಟ್ಟೆ, ಮತ್ತೆ ತೆಗೆದೆ, ಮತ್ತೆ ಓದಿದೆ. ಎದೆಯ ಮೇಲಿಂದ ಇಸ್ತ್ರಿಪೆಟ್ಟಿಗೆ ಇಳಿಸಿದ ಹಾಗಾಯಿತು. ಆಮೇಲೆ ಹಸಿವಾಯಿತು. ಮಟ್ಟುಗುಳ್ಳ ಬದನೆಯ ಹುಳಿ ಮಾಡಿದ್ದಳು, ಮೂರು ಸಲ ಅನ್ನ ಹಾಕಿಸಿಕೊಂಡೆ. ಆದಿತ್ಯವಾರ ಕಾಪುವಿಗೂ ಹೋಗಿ ಪೊರ್ಬುಗಳಿಗೆ ಕಾಗದ ಓದಿ ಹೇಳಿದೆ. ಅವರ ಹೆಂಡತಿ ಈಯದ ಗುಂಡಿನ ಸಾಲುಗಳನ್ನು ಎರಡು ಸಲ ಓದಿಸಿದರು.

ಅದೇ ವಾರ ಒಂದು ಟೇಪನ್ನು ಹೆಂಡತಿಯ ಕೈಗೆ ಕೊಟ್ಟೆ. ಅಂಗಡಿಯ ಹಿಂದಿನ ಸಣ್ಣ ಕೋಣೆಗೆ ಪರದೆ ಕಟ್ಟಿಸಿದೆ. ಬಂದ ಹೆಂಗಸರನ್ನು ಅವಳು ಒಳಗೆ ಕರೆದು ಅಳೆಯುವುದು, ಕೂಗಿ ಹೇಳುವುದು, ನಾನು ಹೊರಗೆ ಬರೆದುಕೊಳ್ಳುವುದು. ಮೊದಲು ಕೆಲವರು ನಾಚಿದರು. "ನನ್ನ ಎದೆಯ ಅಳತೆ ಬೀದಿಗೆಲ್ಲ ಕೇಳುವ ಹಾಗೆ ಹೇಳ್ಬೇಡಿ ಅಕ್ಕ" ಎಂದರು ಒಬ್ಬರು. ಅಲ್ಲಿಂದ ಮುಂದೆ ಅವಳು ಚೀಟಿಯಲ್ಲಿ ಬರೆದು ಪರದೆಯ ಅಡಿಯಿಂದ ನೂಕತೊಡಗಿದಳು.

ಎರಡು ವರ್ಷ ದಾಟಿ ಡಾಕ್ಟರು ವಾಪಸು ಬಂದರು. ಒಂದು ಸಂಜೆ ಗಂಡ ಹೆಂಡತಿ ಅಂಗಡಿಗೆ ಬಂದು ತಿಳಿನೀಲಿ ರವಿಕೆಯನ್ನು ಮೇಜಿನ ಮೇಲಿಟ್ಟರು. ಒಗೆದು ಒಗೆದು ಬಣ್ಣ ತಿಳಿಯಾಗಿತ್ತು. ಹೊಲಿಗೆ ಒಂದೂ ಬಿಟ್ಟಿರಲಿಲ್ಲ. ಸಾಸಿವೆಯಷ್ಟು ಸಣ್ಣ ಗಂಟುಗಳು, ಅಳೆದಿಟ್ಟಂತೆ ಒಂದರ ಪಕ್ಕ ಒಂದು.

"ಹೇಗುಂಟು ಟೈಲರೇ ನನ್ನ ಕೆಲಸ?" ಎಂದರು ಡಾಕ್ಟರು.

ಬೆಳಕಿಗೆ ಹಿಡಿದು ಎರಡೂ ಬದಿ ನೋಡಿದೆ. "ಹೊಲಿಗೆ ಚೆನ್ನಾಗಿಯೇ ಉಂಟು ಡಾಕ್ಟ್ರೇ. ಆದರೆ ಒಂದು ರವಿಕೆಗೆ ಮುಕ್ಕಾಲು ಗಂಟೆ ಅಂದರೆ ನನ್ನ ಅಂಗಡಿಯಲ್ಲಿ ಕೆಲಸ ಕೊಡ್ಲಿಕ್ಕೆ ಆಗುವುದಿಲ್ಲ."

ಅವರ ಹೆಂಡತಿ ಅಷ್ಟರಲ್ಲಿ ಪರದೆಯ ಹಿಂದೆ ಹೋಗಿದ್ದರು. ಹೊಸ ಅಳತೆಯ ಚೀಟಿ ಅಡಿಯಿಂದ ಹೊರಗೆ ಬಂತು. ನೋಡಿದೆ. ಕಾರ್ಕಳದಲ್ಲಿ ಅಳೆದದ್ದಕ್ಕಿಂತ ಎದೆಯಲ್ಲಿ ಇನ್ನೂ ಒಂದು ಇಂಚು ಜಾಸ್ತಿ. ಬರೆದುಕೊಂಡು, ಅವರು ತಂದ ಹೊಸ ಬಟ್ಟೆ ಹರಡಿ, ಒಳಗೆ ಎಂದಿನಂತೆ ಹೆಬ್ಬೆರಳಿನ ಅಗಲ ಬಟ್ಟೆ ಬಿಟ್ಟು ಸೀಮೆಸುಣ್ಣದ ಗೆರೆ ಎಳೆದೆ.